ಮೂರು ಬೀಗದ ಪೆಟ್ಟಿಗೆ: ಸೋದರ ಸಂಘಗಳು ಕೊಟ್ಟ ಬಗೆ

(ಸಹಕಾರ ಸಪ್ತಾಹದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಸಹಕಾರಿ ಬಂಧುಗಳೇ,

ಸಂಘಗಳು ಮಾಡುವ ದಾನಧರ್ಮ ಮತ್ತು ಸಮಾಜ ಸೇವೆಯ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಹೇಳಿದ್ದಾರೆ. ಈ ವಿಷಯ ಸಿಕ್ಕಿದರೆ ಭಾಷಣಕಾರರು ಸಾಮಾನ್ಯವಾಗಿ ಕರ್ಣನನ್ನು ಕರೆತರುತ್ತಾರೆ. ನಾನು ಮ್ಯಾಂಚೆಸ್ಟರಿನ ಹೆಂಡದಂಗಡಿಗಳಿಂದ ಶುರು ಮಾಡುತ್ತೇನೆ. ಅಧ್ಯಕ್ಷರು ಗಾಬರಿಯಾಗಬೇಕಿಲ್ಲ, ಕೊನೆಗೆ ಗದಗಕ್ಕೆ ಬಂದೇ ಬರುತ್ತೇನೆ.

ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಿಂದಲೇ ‘ಆಡ್ ಫೆಲೋಸ್’ ಎಂಬ ಹೆಸರಿನ ಸೋದರ ಸಂಘಗಳಿದ್ದವು. ನೇಕಾರರು, ಬಡಗಿಗಳು, ಚಮ್ಮಾರರು, ಕಮ್ಮಾರರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಪಡಖಾನೆಯ ಅಟ್ಟದ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದರು. ಹೀಗೆ ಸೇರುವ ಪ್ರತಿಯೊಂದು ಗುಂಪಿಗೂ ಲಾಡ್ಜ್ ಎಂದು ಹೆಸರು. ನಮ್ಮ ಬಸ್ ನಿಲ್ದಾಣದ ಎದುರಿಗಿರುವ ಲಾಡ್ಜ್ ಎಂದು ತಿಳಿಯಬೇಡಿ. 1810ರಲ್ಲಿ ಮ್ಯಾಂಚೆಸ್ಟರಿನ ಸುತ್ತಮುತ್ತಲಿನ ಕೆಲವು ಲಾಡ್ಜ್‌ಗಳು ಒಂದಾಗಿ ‘ಮ್ಯಾಂಚೆಸ್ಟರ್ ಯೂನಿಟಿ’ ಎಂಬ ಒಕ್ಕೂಟ ಕಟ್ಟಿಕೊಂಡವು. ಮುಂದೆ ಅದು ಆ ದೇಶದ ಅತಿ ದೊಡ್ಡ ಪರಸ್ಪರ ನೆರವಿನ ಸಂಘಗಳಲ್ಲಿ ಒಂದಾಗಿ ಬೆಳೆಯಿತು.

ಕೋಣೆಯ ನಡುವೆ ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ ಇರುತ್ತಿತ್ತು. ಆ ಕಾಲದ ಇಂಥ ಎಷ್ಟೋ ಸಂಘಗಳ ಪೆಟ್ಟಿಗೆಗಳಿಗೆ ಒಂದಲ್ಲ, ಮೂರು ಬೀಗ. ಮೂರು ಕೀಲಿಕೈಗಳು ಮೂವರು ಪದಾಧಿಕಾರಿಗಳ ಬಳಿ. ಮೂವರೂ ಬಂದು ನಿಲ್ಲದಿದ್ದರೆ ಪೆಟ್ಟಿಗೆ ತೆರೆಯುವಂತಿಲ್ಲ. ಚೆಕ್ಕಿಗೆ ಎರಡು ಸಹಿ ಬೇಕೆಂದು ಬೈಲಾದಲ್ಲಿ ಬರೆದುಕೊಂಡಿರುವ ನಿಮಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋದರರೆಂದು ಪ್ರಮಾಣ ಮಾಡಿದವರು, ಕೈಹಿಡಿದು ಹಾಡಿದವರು. ಆದರೂ ಮೂರು ಬೀಗ. ನನಗೆ ಆ ಜನರ ಮೇಲೆ ಗೌರವ ಹುಟ್ಟಿದ್ದು ಅವರ ಹಾಡಿನಿಂದಲ್ಲ, ಈ ಬೀಗಗಳಿಂದ. ಹಣದ ವಿಷಯದಲ್ಲಿ ಪ್ರೀತಿ ಬೇರೆ, ವ್ಯವಸ್ಥೆ ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಪೆಟ್ಟಿಗೆಗೆ ಬೀಳುತ್ತಿದ್ದದ್ದು ವಾರಕ್ಕೆ ಕೆಲವೇ ಪೆನ್ನಿ. ಅದರಿಂದ ಮಾಡಬೇಕಾದ ಕೆಲಸ ನಾಲ್ಕು: ಕಾಯಿಲೆ ಬಿದ್ದವರನ್ನು ಹೋಗಿ ನೋಡುವುದು, ಕಷ್ಟದಲ್ಲಿದ್ದವರಿಗೆ ಒದಗುವುದು, ಸತ್ತವರನ್ನು ಮಣ್ಣು ಮಾಡುವುದು, ತಬ್ಬಲಿ ಮಕ್ಕಳನ್ನು ಓದಿಸುವುದು. ಅಮೆರಿಕಕ್ಕೆ ಹೋದ ಆಡ್ ಫೆಲೋಸ್ ಈ ನಾಲ್ಕನ್ನೇ ತಮ್ಮ ಸಂಘದ ಆಜ್ಞೆಯೆಂದು ಬರೆದಿಟ್ಟುಕೊಂಡರು. ಲಂಡನ್ನಿನಲ್ಲಿ ಹುಟ್ಟಿದ, ಸಾರೋಟಿನ ಸ್ಪ್ರಿಂಗ್ ಮಾಡುವ ಕಸುಬಿನ ಥಾಮಸ್ ವೈಲ್ಡಿ ಎಂಬಾತ ವಲಸೆ ಹೋಗಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, 1819ರ ಏಪ್ರಿಲ್ 26ರಂದು ಬಾಲ್ಟಿಮೋರಿನ ಪಡಖಾನೆಯೊಂದರಲ್ಲಿ ಅಲ್ಲಿನ ಮೊದಲ ಲಾಡ್ಜ್ ಕಟ್ಟಿದ. ಅಂದು ಸೇರಿದವರು ಅವನೂ ಸೇರಿ ಐದೇ ಜನ.

ನಾಲ್ಕು ಕೆಲಸಗಳಲ್ಲಿ ಶವಸಂಸ್ಕಾರಕ್ಕೆ ಅಷ್ಟು ದೊಡ್ಡ ಜಾಗ ಏಕೆ ಎಂದು ನಿಮಗೆ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ 1832ರ ಅನಾಟಮಿ ಕಾಯಿದೆಯ ಪ್ರಕಾರ, ವಾರಸುದಾರರು ಬಂದು ಕೇಳದ ಬಡವರ ಹೆಣಗಳನ್ನು ವೈದ್ಯಶಾಲೆಗಳಿಗೆ ಕೊಯ್ಯಲು ಕೊಡಬಹುದಾಗಿತ್ತು. ಎರಡೇ ವರ್ಷದಲ್ಲಿ, 1834ರಲ್ಲಿ, ಬಡವರ ಪರಿಹಾರದ ಹೊಸ ಕಾಯಿದೆ ಬಂತು. ನೆರವು ಬೇಕೆಂದು ಹೋದವನು ವರ್ಕ್‌ಹೌಸ್ ಎಂಬ ದುಡಿಮೆಯ ಮನೆಗೆ ಸೇರಬೇಕು. ಅಲ್ಲಿ ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆ. ಬೇಕೆಂದೇ ಆ ಜಾಗವನ್ನು ಯಾರೂ ಬಯಸದಂತೆ ಮಾಡಿಟ್ಟಿದ್ದರು. ಬದುಕಿದ್ದಾಗ ವರ್ಕ್‌ಹೌಸ್, ಸತ್ತ ಮೇಲೆ ಕೊಯ್ಯುವ ಮೇಜು. ಈ ಎರಡರಿಂದ ತಪ್ಪಿಸಿಕೊಳ್ಳಲು ದುಡಿಯುವ ಜನ ಲಾಡ್ಜ್‌ಗಳಿಗೆ ನುಗ್ಗಿದರು. ಸದಸ್ಯ ಸತ್ತರೆ ಸೋದರರೆಲ್ಲ ಪಟ್ಟಿ ಧರಿಸಿ, ಸಾಲಾಗಿ ನಡೆದು, ಊರು ನೋಡುವಂತೆ ಹೆಣ ಹೊತ್ತೊಯ್ಯುತ್ತಿದ್ದರು. ಇವನು ದಿಕ್ಕಿಲ್ಲದವನಲ್ಲ ಎಂದು ಬೀದಿಗೆ ತೋರಿಸುವ ಮೆರವಣಿಗೆ ಅದು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಕಾಯಿಲೆ ಬಿದ್ದಾಗ ಲಾಡ್ಜಿನಿಂದ ವಾರವಾರ ಬರುವ ಹಣವನ್ನು ಆ ಜನ ಭಿಕ್ಷೆಯೆಂದು ತಿಳಿಯಲಿಲ್ಲ, ದಾನವೆಂದೂ ಕರೆಯಲಿಲ್ಲ. ಅದು ಅವರ ಬಾಬ್ತು. ನಮ್ಮ ಹಳ್ಳಿಗಳ ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವಿರುತ್ತದಲ್ಲ, ಹಾಗೆ. ಮುಯ್ಯಿ ತೆಗೆದುಕೊಳ್ಳುವವನು ಯಾರಿಗೂ ಕೈಮುಗಿದು ನಿಲ್ಲುವುದಿಲ್ಲ. ಅವನು ಹಿಂದೆ ಕೊಟ್ಟಿದ್ದಾನೆ, ಮುಂದೆಯೂ ಕೊಡುತ್ತಾನೆ, ಇವತ್ತು ಅವನ ಸರದಿ, ಅಷ್ಟೇ. ನಾನು ಇವತ್ತು ಹೇಳಬೇಕೆಂದಿರುವುದೂ ಇಷ್ಟೇ: ಸೋದರ ಸಂಘಗಳು ಕೊಟ್ಟ ಮೊತ್ತ ದೊಡ್ಡದಲ್ಲ, ಪಡೆದವನ ತಲೆ ತಗ್ಗದಂತೆ ಕೊಡಲು ಅವು ಕಂಡುಕೊಂಡ ಏರ್ಪಾಡು ದೊಡ್ಡದು. ಎಲ್ಲಿ ಆ ಏರ್ಪಾಡು ಸಡಿಲಾಯಿತೋ ಅಲ್ಲೆಲ್ಲ ಸೇವೆ ಉಳಿಯಿತು, ಸೋದರತ್ವ ಹೋಯಿತು.

ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸದಸ್ಯ ಹಾಸಿಗೆ ಹಿಡಿದ ಸುದ್ದಿ ಲಾಡ್ಜಿಗೆ ಮುಟ್ಟುತ್ತದೆ. ಭೇಟಿಗೆಂದು ನೇಮಕವಾದ ಸೋದರ ಹಣ ಹಿಡಿದು ಮನೆಗೆ ಹೋಗುತ್ತಾನೆ. ಕ್ಷೇಮ ವಿಚಾರಿಸುತ್ತಾನೆ, ಹೆಂಡತಿಯ ಹತ್ತಿರ ಎರಡು ಮಾತಾಡುತ್ತಾನೆ, ಹಣ ಕೊಡುತ್ತಾನೆ. ಜೊತೆಗೆ ರೋಗಿ ನಿಜವಾಗಿ ಮಲಗಿದ್ದಾನೆಯೇ ಎಂದೂ ಕಣ್ಣಾಡಿಸುತ್ತಾನೆ! ಹಣ ಪಡೆಯುತ್ತಿರುವವನು ಪಡಖಾನೆಯಲ್ಲಿ ಕಾಣಿಸಿಕೊಂಡರೆ, ಗುಟ್ಟಾಗಿ ಕೆಲಸಕ್ಕೆ ಹೋದರೆ, ಹಣ ನಿಂತಿತು. ಕುಡಿದು ಹೊಡೆದಾಡಿ ಕೈ ಮುರಿದುಕೊಂಡವನಿಗೆ ಬಿಡಿಗಾಸೂ ಇಲ್ಲ. ಕರುಣೆ ಮತ್ತು ಕಾವಲು ಒಂದೇ ಮನುಷ್ಯನ ಕೈಯಲ್ಲಿ. ಕೇಳಲು ಒರಟು ಅನ್ನಿಸುತ್ತದೆ. ಆದರೆ ಪೆಟ್ಟಿಗೆಯಲ್ಲಿರುವ ಪೆನ್ನಿ ಪಕ್ಕದ ಮನೆಯ ನೇಕಾರನದು. ಅದನ್ನು ಕಾಯುವುದೂ ಧರ್ಮವೇ.

ಅಮೆರಿಕದ ಲಾಡ್ಜ್‌ಗಳಲ್ಲಿ ರಾತ್ರಿ ಕಾವಲಿನ ಪದ್ಧತಿಯೂ ಇತ್ತು. ಕಾಯಿಲೆ ಜೋರಾದರೆ ಸೋದರರು ಸರದಿಯ ಮೇಲೆ ರೋಗಿಯ ಹಾಸಿಗೆಯ ಪಕ್ಕ ಬೆಳಗಿನ ತನಕ ಕೂರಬೇಕು. ಸರದಿ ತಪ್ಪಿಸಿದವನಿಗೆ ದಂಡ. ದಂಡ ಹಾಕಿ ಮಾಡಿಸುವುದು ಎಂಥ ಸೇವೆ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನಸ್ಸು ಬಂದಾಗ ಮಾಡುವ ಸೇವೆ ಮನಸ್ಸು ಬಾರದ ರಾತ್ರಿ ಇರುವುದಿಲ್ಲ, ಜ್ವರ ಏರುವುದು ಅಂಥ ರಾತ್ರಿಯೇ.

ಗುಟ್ಟಿನ ಕೈಕುಲುಕು, ಗುಟ್ಟಿನ ಮಾತು ಎಂದು ಹೊರಗಿನವರು ಈ ಸಂಘಗಳನ್ನು ಸಂಶಯದಿಂದ ನೋಡಿದ್ದೇ ಹೆಚ್ಚು. ಅದರಲ್ಲಿ ನಾಟಕ ಇರಲಿಲ್ಲವೆಂದಲ್ಲ. ಬಣ್ಣದ ಪಟ್ಟಿ, ಮೇಣದ ಬತ್ತಿ, ಗಂಭೀರ ಪ್ರತಿಜ್ಞೆ ಎಲ್ಲವೂ ಇತ್ತು. ಆದರೆ ಕೆಲಸ ಹುಡುಕಿಕೊಂಡು ಊರೂರು ಅಲೆಯುವ ಕುಶಲಕರ್ಮಿಯೊಬ್ಬ ಗುರುತಿಲ್ಲದ ಪಟ್ಟಣದ ಲಾಡ್ಜಿನ ಬಾಗಿಲು ತಟ್ಟಿ, ರಾತ್ರಿ ತಂಗಲು ಜಾಗವನ್ನೂ ಮುಂದಿನ ಊರಿಗೆ ದಾರಿಖರ್ಚನ್ನೂ ಕೇಳಿದಾಗ, ಅವನು ನಮ್ಮವನೇ ಎಂದು ತಿಳಿಯುವುದು ಹೇಗೆ? ಆಧಾರ್ ಕಾರ್ಡ್ ಇಲ್ಲದ ಕಾಲ. ಕಾಲಕಾಲಕ್ಕೆ ಬದಲಾಗುವ ಗುಟ್ಟಿನ ಮಾತು ಅವರ ಒಟಿಪಿ ಆಗಿತ್ತು.

ಇಷ್ಟೆಲ್ಲ ಇದ್ದೂ ಎಷ್ಟೋ ಲಾಡ್ಜ್‌ಗಳು ಮುಳುಗಿದವು. ಕಳ್ಳತನದಿಂದಲ್ಲ, ಲೆಕ್ಕ ಬಾರದೆ. ಇಪ್ಪತ್ತರ ಹುಡುಗನೂ ನಲವತ್ತೈದರ ಗೃಹಸ್ಥನೂ ಕಟ್ಟುವ ವಂತಿಗೆ ಒಂದೇ ಆಗಿತ್ತು. ಸಮಾನತೆಯಂತೆ ಕಾಣುತ್ತದೆ. ಲಾಡ್ಜ್ ಹೊಸದಾಗಿದ್ದಾಗ ಎಲ್ಲರೂ ಗಟ್ಟಿಮುಟ್ಟು, ಪೆಟ್ಟಿಗೆ ತುಂಬಿ ತುಳುಕುತ್ತದೆ. ಮೂವತ್ತು ವರ್ಷ ಕಳೆದಾಗ ಅದೇ ಸದಸ್ಯರು ಒಟ್ಟಿಗೆ ಮುದುಕರಾಗಿ ಒಟ್ಟಿಗೆ ಮಲಗುತ್ತಾರೆ. ಮುಳುಗುವ ಲಾಡ್ಜಿಗೆ ಯಾವ ತರುಣ ಸೇರುತ್ತಾನೆ? ಜೀವಮಾನವಿಡೀ ಕಟ್ಟಿದವನಿಗೆ ಬೇಕಾದ ದಿನ ಪೆಟ್ಟಿಗೆ ಬರಿದು. ಇದನ್ನು ಸರಿಪಡಿಸಿದ್ದು ಭಾಷಣವಲ್ಲ, ಹೆನ್ರಿ ರ್‍ಯಾಟ್‌ಕ್ಲಿಫ್ ಎಂಬ ಮ್ಯಾಂಚೆಸ್ಟರ್ ಯೂನಿಟಿಯ ಕಾರ್ಯದರ್ಶಿ. ಒಕ್ಕೂಟದ ಸದಸ್ಯರ ಕಾಯಿಲೆ ಮತ್ತು ಸಾವಿನ ವಿವರಗಳನ್ನು ರಾಶಿ ಹಾಕಿಕೊಂಡು, ಯಾವ ವಯಸ್ಸಿನಲ್ಲಿ ಎಷ್ಟು ಕಾಯಿಲೆ ನಿರೀಕ್ಷಿಸಬಹುದೆಂಬ ಕೋಷ್ಟಕಗಳನ್ನು 1850ರಲ್ಲಿ ಆತ ಪ್ರಕಟಿಸಿದ. ಸೇರುವಾಗಿನ ವಯಸ್ಸಿಗೆ ತಕ್ಕ ವಂತಿಗೆ ಎಂಬ ನಿಯಮ ಅದರ ಬೆನ್ನಿಗೆ ಬಂತು. ಹಳೆಯ ಸದಸ್ಯರು ಮುನಿಸಿಕೊಂಡರು. ಸೋದರರ ನಡುವೆ ವಯಸ್ಸಿನ ಲೆಕ್ಕವೇ ಎಂದರು. ಆ ಮುನಿಸು ನನಗೆ ಅರ್ಥವಾಗುತ್ತದೆ, ಆದರೆ ರ್‍ಯಾಟ್‌ಕ್ಲಿಫ್‌ನ ಕೋಷ್ಟಕಗಳು ಉಳಿಸಿದಷ್ಟು ವಿಧವೆಯರನ್ನು ಆ ಕಾಲದ ಯಾವ ಧರ್ಮಬೋಧನೆಯೂ ಉಳಿಸಿರಲಾರದು.

ಇನ್ನು ಬಾಗಿಲಿನ ವಿಷಯ. ಒಳಗಿನವರಿಗೆ ಇಷ್ಟು ಮಾಡುವ ಸಂಘ ಹೊರಗೆ ನಿಲ್ಲಿಸುವುದು ಯಾರನ್ನು? ನ್ಯೂಯಾರ್ಕಿನ ಕೆಲವು ಕಪ್ಪು ಜನರು ಆಡ್ ಫೆಲೋಸ್ ಲಾಡ್ಜ್ ಕಟ್ಟಲು ಅನುಮತಿ ಕೇಳಿದಾಗ ಅಮೆರಿಕದ ಬಿಳಿಯ ಸೋದರರು ನಿರಾಕರಿಸಿದರು. ಹಡಗಿನಲ್ಲಿ ಕೆಲಸಕ್ಕಿದ್ದ ಪೀಟರ್ ಆಗ್ಡನ್ ಎಂಬ ಕಪ್ಪು ಮನುಷ್ಯ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಆಗಲೇ ಲಾಡ್ಜ್ ಒಂದರ ಸದಸ್ಯನಾಗಿದ್ದ. ಇವರನ್ನು ಏಕೆ ಕೇಳುತ್ತೀರಿ ಎಂದು ಆತ ಇಂಗ್ಲೆಂಡಿನಿಂದಲೇ ಸನ್ನದು ತರಿಸಿದ. 1843ರಲ್ಲಿ ಅಮೆರಿಕದ ಕಪ್ಪು ಜನರ ಆಡ್ ಫೆಲೋಸ್ ಸಂಘ ಹೀಗೆ ಹುಟ್ಟಿತು, ಗುಲಾಮಗಿರಿ ಇನ್ನೂ ಕಾನೂನಾಗಿದ್ದ ದೇಶದಲ್ಲಿ. ಹೆಂಗಸರಿಗೆ ಬಿಳಿಯರ ಸಂಘ ‘ರೆಬೆಕಾ ಪದವಿ’ ಎಂಬ ಪಕ್ಕದ ಬಾಗಿಲು ತೆರೆದದ್ದು 1851ರಲ್ಲಿ.

ನಮ್ಮಲ್ಲೂ ಬಾಗಿಲ ಕಥೆ ಇದೆ. ಕಲ್ಕತ್ತೆಯಲ್ಲಿ ಫ್ರೀಮೇಸನ್ ಎಂಬ ಇನ್ನೊಂದು ಸೋದರ ಸಂಘದ ಲಾಡ್ಜ್‌ಗಳು ಹದಿನೆಂಟನೆಯ ಶತಮಾನದಿಂದ ಇದ್ದವು. ವಿಶ್ವ ಸೋದರತ್ವದ ಮಾತು ಅಲ್ಲಿ ಧಾರಾಳ. ಆದರೆ ಹಿಂದೂಗಳು ಒಬ್ಬ ದೇವರನ್ನು ನಂಬುವವರೇ, ಅವರ ಪ್ರತಿಜ್ಞೆಯನ್ನು ನಂಬಬಹುದೇ ಎಂಬ ಚರ್ಚೆ ಮಾಡುತ್ತಲೇ ವರ್ಷಗಟ್ಟಲೆ ಕಳೆದರು. ಪ್ರಸನ್ನ ಕುಮಾರ ದತ್ತ ಪಟ್ಟುಹಿಡಿದು ಕಾದು ಒಳಗೆ ಹೋದದ್ದು 1872ರಲ್ಲಿ. ಹನ್ನೆರಡು ವರ್ಷದ ಮೇಲೆ, 1884ರಲ್ಲಿ, ಕಲ್ಕತ್ತೆಯ ‘ಆಂಕರ್ ಅಂಡ್ ಹೋಪ್’ ಲಾಡ್ಜಿಗೆ ನರೇಂದ್ರನಾಥ ದತ್ತ ಎಂಬ ತರುಣ ಸೇರಿದ. ಆತ ಮುಂದೆ ಯಾರಾದನೆಂದು ನಿಮಗೆ ಗೊತ್ತು. ವಿವೇಕಾನಂದರ ಜೀವನದ ಈ ಪುಟವನ್ನು ನಮ್ಮ ಶಾಲೆಯ ಪಾಠಗಳು ಏಕೋ ಮುಟ್ಟುವುದಿಲ್ಲ.

ಫ್ರೀಮೇಸನ್‌ರ ಹೆಸರು ಬಂದದ್ದರಿಂದ ಅವರ ಶಾಲೆಯ ವಿಷಯ ಹೇಳಿಬಿಡುತ್ತೇನೆ. ಲಂಡನ್ನಿನ ದಂತವೈದ್ಯ ಬಾರ್ತಲೋಮ್ಯೂ ರಸ್ಪಿನಿಯ ಮುಂದಾಳುತನದಲ್ಲಿ 1788ರಲ್ಲಿ, ತೀರಿಕೊಂಡ ಅಥವಾ ದಿವಾಳಿಯಾದ ಸದಸ್ಯರ ಹೆಣ್ಣುಮಕ್ಕಳಿಗಾಗಿ ಶಾಲೆಯೊಂದು ಸ್ಥಾಪನೆಯಾಯಿತು. ಮೊದಲು ಸೇರಿದವರು ಹದಿನೈದು ಹುಡುಗಿಯರು. ಹೆಣ್ಣುಮಕ್ಕಳ ಓದಿಗೆ ಹಣ ಎತ್ತುವುದು ಆ ಕಾಲಕ್ಕೆ ಸಣ್ಣ ಮಾತಲ್ಲ, ಶಾಲೆ ಇಂದಿಗೂ ನಡೆಯುತ್ತಿದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಂಥ ಶಾಲೆಗಳಿಗೂ ವೃದ್ಧರ ಮಾಸಾಶನಕ್ಕೂ ಜನರನ್ನು ಆರಿಸುತ್ತಿದ್ದ ಕ್ರಮ ಕೇಳಿ. ಚಂದಾ ಕೊಟ್ಟವರಿಗೆ ಕೊಟ್ಟ ಹಣಕ್ಕೆ ತಕ್ಕಷ್ಟು ಓಟು. ಇರುವ ಜಾಗ ಕಡಿಮೆ, ಕೇಳುವವರು ಹೆಚ್ಚು. ಹಾಗಾಗಿ ಚುನಾವಣೆ. ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಕಷ್ಟವನ್ನೆಲ್ಲ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಓಟುದಾರರಿಗೆ ಹಂಚಿ, ನನ್ನ ಮಗಳಿಗೆ ಓಟು ಕೊಡಿ ಎಂದು ಬೇಡಬೇಕಿತ್ತು. ಪರಿಚಯ ಹೆಚ್ಚಿದ್ದವರ ಮಕ್ಕಳು ಗೆದ್ದರು. ಯಾರೂ ಗೊತ್ತಿಲ್ಲದವರು ಸೋತು, ಮುಂದಿನ ಚುನಾವಣೆಗೆ ಮತ್ತೆ ಕಾರ್ಡು ಅಚ್ಚು ಹಾಕಿಸಿದರು. ಇದು ಮೇಸನ್‌ರೊಬ್ಬರ ಪದ್ಧತಿಯಲ್ಲ, ಆ ಕಾಲದ ಬ್ರಿಟಿಷ್ ಧರ್ಮಸಂಸ್ಥೆಗಳಲ್ಲಿ ಸಾಮಾನ್ಯವಾಗಿದ್ದದ್ದು. 1870ರ ದಶಕದಲ್ಲಿ ಇದರ ವಿರುದ್ಧ ಚಳವಳಿಯೇ ನಡೆಯಿತು, ಫ್ಲಾರೆನ್ಸ್ ನೈಟಿಂಗೇಲ್ ಕೂಡ ವಿರೋಧಿಸಿದವರಲ್ಲಿ ಒಬ್ಬರು. ಕೊಡುವವನ ಓಟು ಪಡೆಯುವವಳ ಮಾನಕ್ಕಿಂತ ಮೇಲಾದಾಗ ಒಳ್ಳೆಯ ಶಾಲೆಯೂ ಹೀಗಾಗುತ್ತದೆ.

ಹೊರಗಿನವರಿಗೆ ಕೊಡಲು ಹೊರಟ ಸೋದರ ಸಂಘಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಅಮೆರಿಕದ ಶ್ರೈನರ್‌ಗಳ ಕಥೆ. ಮೇಸನ್‌ರಲ್ಲೇ ಮೋಜಿಗೆಂದು 1870ರ ದಶಕದಲ್ಲಿ ಹುಟ್ಟಿದ ಗುಂಪು ಇದು. ತಲೆಗೆ ಕೆಂಪು ಟೋಪಿ, ಬೀದಿಯಲ್ಲಿ ಬ್ಯಾಂಡು, ಮೆರವಣಿಗೆ. 1920ರಲ್ಲಿ ಪೋರ್ಟ್‌ಲ್ಯಾಂಡಿನ ಮಹಾಸಭೆಯಲ್ಲಿ, ಅಂಗವಿಕಲ ಮಕ್ಕಳಿಗೆ ಆಸ್ಪತ್ರೆ ಕಟ್ಟೋಣ, ಪ್ರತಿ ಸದಸ್ಯನೂ ವರ್ಷಕ್ಕೆ ಎರಡು ಡಾಲರ್ ಕಡ್ಡಾಯವಾಗಿ ಕೊಡಲಿ ಎಂಬ ಠರಾವು ಬಂತು. ವಿರೋಧವೂ ಎದ್ದಿತು. ಆಗ ಅಟ್ಲಾಂಟಾದ ಫಾರೆಸ್ಟ್ ಅಡೇರ್ ಎದ್ದು ನಿಂತು, ಬೆಳಗಿನ ಜಾವ ತನ್ನನ್ನು ಎಬ್ಬಿಸಿದ ಒಬ್ಬ ಕೊಂಬೂದುವವನ ಕಥೆ ಹೇಳಿದ. ಆ ಮನುಷ್ಯ ಬೀದಿಯಲ್ಲಿ ಒಬ್ಬನೇ ಅಡ್ಡಾಡುತ್ತ, ನೀರ್ಗುಳ್ಳೆ ಊದುವ ಬಗೆಗಿನ ಆಗಿನ ಜನಪ್ರಿಯ ಹಾಡೊಂದನ್ನು ಊದುತ್ತಿದ್ದನಂತೆ. ನಾವೂ ಬ್ಯಾಂಡು ಮೆರವಣಿಗೆಗಳಿಗೆ ಸುರಿದು ಬರೀ ಗುಳ್ಳೆ ಊದುತ್ತಿದ್ದೇವೆ ಎಂಬುದು ಅಡೇರನ ಮಾತಿನ ಸಾರ. ಠರಾವು ಸರ್ವಾನುಮತದಿಂದ ಪಾಸಾಯಿತು. 1922ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ ಮೊದಲ ಆಸ್ಪತ್ರೆ ತೆರೆಯಿತು. ಮೊದಲು ದಾಖಲಾದದ್ದು ಪಾದ ತಿರುಚಿಕೊಂಡು ಹುಟ್ಟಿದ ಪುಟ್ಟ ಹುಡುಗಿ; ಅಂಗಾಲಿನ ಬದಲು ಪಾದದ ಮೇಲ್ಭಾಗವನ್ನು ನೆಲಕ್ಕೂರಿ ನಡೆಯುವುದನ್ನು ಅವಳು ಕಲಿತುಬಿಟ್ಟಿದ್ದಳು.

ಅಲ್ಲಿ ನನಗೆ ಹಿಡಿಸಿದ್ದು ಎರಡು ಡಾಲರ್. ಒಬ್ಬ ಸಾಹುಕಾರ ಎರಡು ಲಕ್ಷ ಕೊಟ್ಟಿದ್ದರೆ ಆಸ್ಪತ್ರೆಯ ಮೇಲೆ ಅವನ ಹೆಸರು ಬರುತ್ತಿತ್ತು. ಎಲ್ಲರೂ ಎರಡು ಡಾಲರ್ ಕೊಟ್ಟದ್ದರಿಂದ ಯಾವ ಒಬ್ಬನಿಗೂ ಆ ಮಗುವಿನ ಮುಂದೆ ಎದೆಯುಬ್ಬಿಸಿ ನಿಲ್ಲುವ ಹಕ್ಕು ಬರಲಿಲ್ಲ. ಮನೆಯವರಿಂದ ಕಾಸೂ ಪಡೆಯದೆ ದಶಕಗಳ ಕಾಲ ನಡೆದ ಈ ಆಸ್ಪತ್ರೆಗಳು 2009ರ ಹೊತ್ತಿಗೆ ಇಕ್ಕಟ್ಟಿಗೆ ಸಿಕ್ಕಿಕೊಂಡವು. ಆರು ಆಸ್ಪತ್ರೆ ಮುಚ್ಚುವ ಪ್ರಸ್ತಾಪ ಆ ವರ್ಷದ ಸಭೆಯ ಮುಂದೆ ಬಂತು. ಸದಸ್ಯರು ಮುಚ್ಚಲು ಒಪ್ಪಲಿಲ್ಲ. ವಿಮೆ ಇರುವವರ ವಿಮಾ ಕಂಪನಿಗಳಿಂದ ಹಣ ಪಡೆಯುವ ದಾರಿ ಹಿಡಿದರು.

ಆಡ್ ಫೆಲೋಸ್ ಕಥೆ ತಿರುಗಿದ್ದು ಬೇರೆ ದಿಕ್ಕಿಗೆ. ಬ್ರಿಟನ್ನಿನಲ್ಲಿ 1911ರ ರಾಷ್ಟ್ರೀಯ ವಿಮಾ ಕಾಯಿದೆ ಲಾಡ್ಜ್‌ಗಳು ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಸರ್ಕಾರದ ಯೋಜನೆಯೊಳಕ್ಕೆ ತಂದಿತು. 1948ರ ಜುಲೈಯಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದ ಮೇಲೆ ವೈದ್ಯರಿಗಾಗಿ ಲಾಡ್ಜಿನ ಬಾಗಿಲು ತಟ್ಟಬೇಕಾದ ಅಗತ್ಯ ಉಳಿಯಲಿಲ್ಲ. ನಾನು ಇದಕ್ಕೆ ಮರುಗುವವನಲ್ಲ. ಬಾಗಿಲ ಹೊರಗೆ ನಿಂತಿದ್ದವರಿಗೂ ಔಷಧಿ ಸಿಕ್ಕಿತು, ಅದು ದೊಡ್ಡದು. ಸೋದರ ಸಂಘಗಳ ಕಾಲವೇ ಚೆನ್ನಾಗಿತ್ತು, ಸರ್ಕಾರ ಬಂದು ಕೆಡಿಸಿತು ಎಂದು ವಾದಿಸುವವರು ಪೀಟರ್ ಆಗ್ಡನ್‌ನನ್ನು ಮರೆಯುತ್ತಾರೆ.

ಈಗ ಗದಗ. ನಮ್ಮ ದೇಶದಲ್ಲಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ರೂಪಿಸಿದವರ ಮುಂದೆ ಇಂಗ್ಲೆಂಡಿನ ಫ್ರೆಂಡ್ಲಿ ಸೊಸೈಟಿಗಳ, ಅಂದರೆ ಪರಸ್ಪರ ನೆರವಿನ ಸಂಘಗಳ, ಕಾಯಿದೆ ಇತ್ತು. ಆಡ್ ಫೆಲೋಸ್ ನೋಂದಣಿಯಾಗುತ್ತಿದ್ದದ್ದು ಅಂಥ ಕಾಯಿದೆಯ ಅಡಿಯಲ್ಲೇ. ಮರುವರ್ಷವೇ, 1905ರಲ್ಲಿ, ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಘವನ್ನು ಕಟ್ಟಿದರು. ಮೇಣದ ಬತ್ತಿ, ಗುಟ್ಟಿನ ಮಾತು ಇಲ್ಲಿ ಬೇಕಾಗಲಿಲ್ಲ. ಒಂದೇ ಊರಿನವರು, ಯಾರ ಹೊಲ ಎಷ್ಟು, ಯಾರ ನಾಲಿಗೆ ಎಂಥದ್ದು ಎಂದು ಬಲ್ಲವರು. ಪೆಟ್ಟಿಗೆಯ ತತ್ತ್ವ ಮಾತ್ರ ಅದೇ.

ನೂರು ವರ್ಷದ ನಂತರ ಅದೇ ತತ್ತ್ವ ನಮ್ಮ ರಾಜ್ಯದಲ್ಲಿ ಮತ್ತೊಮ್ಮೆ ಕೆಲಸ ಮಾಡಿದ್ದನ್ನು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ. 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ಹಣ ಕಟ್ಟಿದ, ಶಸ್ತ್ರಚಿಕಿತ್ಸೆ ಬೇಕಾದಾಗ ಕಾರ್ಡು ಹಿಡಿದು ದೊಡ್ಡ ಆಸ್ಪತ್ರೆಯೊಳಕ್ಕೆ ಹೋದ. ಸರ್ಕಾರದ ಪಾಲೂ ಇತ್ತು, ನಿಜ. ಆದರೆ ಐದು ರೂಪಾಯಿ ಕಟ್ಟಿದವನು ಕೌಂಟರಿನ ಮುಂದೆ ನಿಲ್ಲುವ ರೀತಿಯೇ ಬೇರೆ. ಶಾಸಕರ ಶಿಫಾರಸು ಪತ್ರ ಹಿಡಿದು ನಿಲ್ಲುವ ರೀತಿಯೇ ಬೇರೆ. 2018ರಲ್ಲಿ ಯೋಜನೆಯನ್ನು ಇನ್ನೊಂದರಲ್ಲಿ ವಿಲೀನ ಮಾಡಿದಾಗ ಸಂಘಗಳಿಂದ ಎದ್ದ ಕೂಗಿಗೆ ಇದೇ ಕಾರಣವೆಂದು ನನ್ನ ಎಣಿಕೆ. 2022ರಲ್ಲಿ ಅದಕ್ಕೆ ಮತ್ತೆ ಚಾಲನೆ ಸಿಕ್ಕಿತು.

ಈಗ ನಮ್ಮ ನಮ್ಮ ಸಂಘಗಳ ಕಡೆ ನೋಡೋಣ. ಲಾಭದಲ್ಲಿ ಒಂದಿಷ್ಟು ತೆಗೆದಿಟ್ಟು ಗಾಲಿಕುರ್ಚಿ ಕೊಡುತ್ತೇವೆ, ನೋಟ್‌ಬುಕ್ ಹಂಚುತ್ತೇವೆ. ಒಳ್ಳೆಯದೇ. ಆದರೆ ಗಾಲಿಕುರ್ಚಿಯ ಹಿಂದೆ ಹನ್ನೊಂದು ಜನ ನಿರ್ದೇಶಕರು ನಿಂತಿರುತ್ತಾರೆ, ಕುರ್ಚಿಯಲ್ಲಿ ಕೂತ ಅಜ್ಜಿಯ ಕೊರಳಿಗೂ ಒಂದು ಹಾರ ಬಿದ್ದಿರುತ್ತದೆ, ಫೋಟೋ ತೆಗೆಯುವವನು ಅಜ್ಜಿಗೆ ಸ್ವಲ್ಪ ನಗಿ ಎನ್ನುತ್ತಾನೆ. ಆಮೇಲೆ ಆ ಫೋಟೋ ವಾರ್ಷಿಕ ವರದಿಯ ರಕ್ಷಾಪುಟಕ್ಕೆ. ಓಟಿಗಾಗಿ ಕಾರ್ಡು ಹಂಚಿದ ಆ ಇಂಗ್ಲಿಷ್ ವಿಧವೆಗೂ ನಮ್ಮ ಅಜ್ಜಿಗೂ ಹೆಚ್ಚು ದೂರವಿಲ್ಲ. ಅದೇ ಸಂಘದ ಮರಣ ನಿಧಿ ಇರುತ್ತದೆ: ಪ್ರತಿ ಸದಸ್ಯನೂ ಕಟ್ಟಿದ್ದು, ಸತ್ತವನ ಮನೆಗೆ ಕಾರ್ಯದರ್ಶಿ ತಾನೇ ಹೋಗಿ ಮುಟ್ಟಿಸುವುದು. ಅಲ್ಲಿ ಫೋಟೋ ಇಲ್ಲ. ಯಾವುದು ಹಳೆಯ ಪೆಟ್ಟಿಗೆಯ ಮರಿಮಗ ಎಂದು ನೀವೇ ನೋಡಿ. ನನ್ನನ್ನು ಕೇಳಿದರೆ, ಹೊಸ ಹಣ ಬಂದಾಗ ಮೊದಲು ಈ ನಿಧಿಯನ್ನು ಹಿಗ್ಗಿಸಿ ಎನ್ನುತ್ತೇನೆ. ಕಾಯಿಲೆಗೂ ಒಂದು ನಿಧಿ ಮಾಡಿ, ವಯಸ್ಸಿನ ಕೋಷ್ಟಕ ಮರೆಯಬೇಡಿ.

ಉಪನ್ಯಾಸದ ನಂತರ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಮಹಿಳಾ ಸಂಘವೊಂದರ ಸದಸ್ಯೆ ಎದ್ದು, ‘ಸರ್, ಕಟ್ಟಿದವರಿಗೆ ಹಕ್ಕು ಎನ್ನುತ್ತೀರಿ. ಕಟ್ಟಲಿಕ್ಕೇ ಆಗದೆ ಸುಸ್ತಿಯಾದವರ ಗತಿ ಏನು?’ ಎಂದು ಕೇಳಿದರು. ಇಡೀ ಏರ್ಪಾಡಿನ ದುರ್ಬಲ ಜಾಗವನ್ನೇ ಅವರು ಮುಟ್ಟಿದ್ದರು. ಲಾಡ್ಜ್‌ಗಳಲ್ಲೂ ವಂತಿಗೆ ಬಾಕಿ ಬಿದ್ದರೆ ಹಕ್ಕು ಹೋಗುತ್ತಿತ್ತು; ಕೆಲಸ ಕಳೆದುಕೊಂಡವನು ಬಾಕಿ ಬೀಳುತ್ತಿದ್ದ, ಅವನಿಗೇ ನೆರವು ಹೆಚ್ಚು ಬೇಕಾಗಿತ್ತು. ಕೆಲವು ಲಾಡ್ಜ್‌ಗಳು ಅಂಥ ಸೋದರನ ಬಾಕಿಯನ್ನು ಸಾಮಾನ್ಯ ನಿಧಿಯಿಂದ ಕಟ್ಟಿ ಅವನ ಹೆಸರನ್ನು ಪುಸ್ತಕದಲ್ಲಿ ಉಳಿಸಿಕೊಂಡವು. ನಮ್ಮ ಸಂಘಗಳು ಗಾಲಿಕುರ್ಚಿಗೆ ಕೊಡುವ ಹಣದಲ್ಲಿ ಅರ್ಧವನ್ನು, ಬರ ಬಿದ್ದ ವರ್ಷ ವಂತಿಗೆ ಕಟ್ಟಲಾಗದ ಸದಸ್ಯರ ಕಂತಿಗೆ ಜಮಾ ಮಾಡಬಹುದು ಎಂದೆ. ಆ ಹೆಂಗಸಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಸದಸ್ಯರೇ ಅಲ್ಲದ ಕೂಲಿಯವರ ವಿಷಯ ಬಾಕಿ ಉಳಿಯಿತು ಎಂದರು. ಅದು ಸರ್ಕಾರದ ಬಾಗಿಲು, ಅದನ್ನೂ ತಟ್ಟುತ್ತಲೇ ಇರಬೇಕು ಎಂಬುದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾಗಲಿಲ್ಲ.

ಇನ್ನೊಬ್ಬ ಕಾರ್ಯದರ್ಶಿ, ಫಲಾನುಭವಿಗಳ ಹೆಸರು, ಫೋಟೋ ಇಲ್ಲದಿದ್ದರೆ ಸರ್ವ ಸದಸ್ಯರ ಸಭೆಯಲ್ಲಿ ಜನ ಅನುಮಾನ ಪಡುವುದಿಲ್ಲವೇ ಎಂದರು. ಪಡಲಿ, ಪಡಬೇಕು. ಹೆಸರು, ವಿಳಾಸ, ರಸೀದಿ ಎಲ್ಲವೂ ಪ್ರತ್ಯೇಕ ವಹಿಯಲ್ಲಿರಲಿ, ಲೆಕ್ಕ ಪರಿಶೋಧಕರು ಪುಟಪುಟವೂ ನೋಡಲಿ. ವರದಿಯಲ್ಲಿ ಎಷ್ಟು ಮನೆಗಳಿಗೆ ಎಷ್ಟು ರೂಪಾಯಿ ಎಂದು ಅಚ್ಚಾದರೆ ಸಾಕು. ಆ ವಹಿ ಇಡುವ ಬೀರುವಿನ ಕೀಲಿ ಒಬ್ಬರ ಹತ್ತಿರವೇ ಇರುವುದು ಬೇಡ ಎಂದೂ ಸೇರಿಸಿದೆ. ನಮ್ಮ ಬೀರುವಿಗೆ ಇರುವುದೇ ಒಂದು ಬೀಗ ಸರ್ ಎಂದು ಅವರು ನಕ್ಕರು.